ಟ್ಯಾಂಕ್ ಮುಚ್ಚಳದ ಸುತ್ತ ಬಣ್ಣ ಮಂಕಾಗುತ್ತಿದೆ, ಮೈಲೇಜ್ ಲೆಕ್ಕವೂ ಒಂದು ಕಡೆ ನಿಲ್ಲುತ್ತಿಲ್ಲ

ಕೆಂಪುಟ್ಯಾಂಕ್

ಎರಡು ಪ್ರಶ್ನೆಗಳಿವೆ. ಒಂದು ಬಣ್ಣದ್ದು, ಇನ್ನೊಂದು ಮೈಲೇಜಿನದು. ಎರಡನ್ನೂ ಒಟ್ಟಿಗೆ ಕೇಳುವುದಕ್ಕೆ ಕಾರಣವಿದೆ: ಎರಡೂ ತೊಂದರೆಗಳು ನನ್ನ ಕಣ್ಣಿಗೆ ಬೀಳುವುದು ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ತೆರೆದಾಗಲೇ.

ನನ್ನದು 150 ಸಿಸಿ ಬೈಕ್, ಫ್ಯುಯೆಲ್ ಇಂಜೆಕ್ಷನ್ ಇರುವುದು. ಟ್ಯಾಂಕ್ ತಗಡಿನದು, ಕಡುಗೆಂಪು, ಕಂಪನಿಯಿಂದ ಬಂದ ಬಣ್ಣವೇ ಇದೆ. ಕೊಂಡ ದಿನದಿಂದಲೂ ಒಂದು ಪುಟ್ಟ ಪುಸ್ತಕ ಇಟ್ಟಿದ್ದೇನೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಓಡೋಮೀಟರ್ ಎಷ್ಟು, ಎಷ್ಟು ಲೀಟರ್ ಹಿಡಿಯಿತು ಎಂದು ಬರೆಯುತ್ತೇನೆ. ಮನೆಯವರಿಗೆ ಈ ಪುಸ್ತಕ ನಗೆಪಾಟಲಿನ ವಸ್ತು. ಆದರೆ ಎಂಜಿನ್ನಿನಲ್ಲಿ ಏನಾದರೂ ಕೆಟ್ಟರೆ ಮೊದಲು ಗೊತ್ತಾಗುವುದು ಮೈಲೇಜಿನಲ್ಲಿಯೇ ಎಂದು ನಾನು ನಂಬಿದ್ದೇನೆ.

ಪ್ರತಿ ಸಲವೂ ಫುಲ್ ಟ್ಯಾಂಕ್ ಮಾಡಿಸುತ್ತೇನೆ. ನಳಿಕೆ ತಾನಾಗಿ ನಿಂತ ಮೇಲೂ ಬಿಡದೆ, ಪೆಟ್ರೋಲ್ ಬಾಯಿಯ ಅಂಚಿಗೆ ಬಂದು ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಹಾಕಿಸುತ್ತೇನೆ. ಹೀಗೆ ಮಾಡಿದರೆ ಅಳತೆ ಕರಾರುವಾಕ್ಕಾಗಿರಬೇಕಲ್ಲವೇ? ಆದರೂ ಒಮ್ಮೆ ಲೀಟರಿಗೆ 48 ಬಂದರೆ ಮುಂದಿನ ಸಲ 42 ಬರುತ್ತದೆ. ದಾರಿ ಅದೇ, ಸವಾರ ನಾನೇ, ವೇಗವೂ ಹೆಚ್ಚು ಕಡಿಮೆ ಅಷ್ಟೇ. ಮೀಟರಿನ ಪರದೆಯಂತೂ ಯಾವಾಗಲೂ 50ರ ಸುತ್ತಲೇ ತೋರಿಸುತ್ತದೆ. ಯಾವುದನ್ನು ನಂಬಲಿ?

ಬಣ್ಣದ ವಿಷಯಕ್ಕೆ ಬರುತ್ತೇನೆ. ಮುಚ್ಚಳದ ಸುತ್ತ ಹೆಬ್ಬೆರಳಿನಗಲದ ಪಟ್ಟಿಯೊಂದು ಹೊಳಪು ಕಳೆದುಕೊಂಡಿದೆ. ಅದರಿಂದ ಸ್ವಲ್ಪ ಮುಂದೆ, ಟ್ಯಾಂಕ್ ಬ್ಯಾಗ್ ಕೂರುವ ಜಾಗದಲ್ಲಿ, ಬಿಸಿಲಿಗೆ ಹಿಡಿದರೆ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು ಕಾಣುತ್ತವೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಸೆರಾಮಿಕ್ ಕೋಟಿಂಗ್ ಒಂದನ್ನು ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಇನ್ನೊಬ್ಬರು ಪಾರದರ್ಶಕ ಫಿಲ್ಮ್ ಅಂಟಿಸಿ ಎಂದರು. ಮೂರನೆಯವರು ಮೇಣದ ಪಾಲಿಶ್ ಸಾಕು ಎಂದರು. ನಿಜವಾಗಿ ಬಳಸಿ ಗೊತ್ತಿರುವವರು ಹೇಳಿದರೆ ಉಪಕಾರವಾಗುತ್ತದೆ.

ದಾರಿಹೋಕ

ಇಷ್ಟೊಂದು ತಲೆಕೆಡಿಸಿಕೊಳ್ಳಬೇಡಿ. ಮೈಲೇಜನ್ನು ಪರದೆಯೇ ತೋರಿಸುತ್ತಿರುವಾಗ ಪುಸ್ತಕ ಯಾಕೆ? ಬಣ್ಣಕ್ಕೆ ಸೆರಾಮಿಕ್ ಮಾಡಿಸಿಬಿಡಿ. ನನ್ನ ಬೈಕಿಗೆ ಮಾಡಿಸಿದ್ದೇನೆ, ಮಳೆ ನೀರು ಟ್ಯಾಂಕಿನ ಮೇಲೆ ನಿಲ್ಲುವುದೇ ಇಲ್ಲ. ತೊಳೆಯುವುದೂ ಸುಲಭ. ಗೀರು ಬೀಳುವುದು ಇದ್ದೇ ಇದೆ, ಬೈಕ್ ಓಡಿಸುವುದಕ್ಕಲ್ಲವೇ ಕೊಳ್ಳುವುದು.

ಹಳೆಸ್ಪ್ರೇಗನ್

ಬಣ್ಣ ಹೊಡೆಯುವುದು ನನ್ನ ಕಸುಬಾಗಿತ್ತು. ಗನ್ ಕೆಳಗಿಟ್ಟು ಬಹಳ ಕಾಲವಾಯಿತು. ಆದರೂ ನಿಲ್ಲಿಸಿದ ಬೈಕ್ ಕಂಡರೆ ತಲೆ ಓರೆ ಮಾಡಿ ಟ್ಯಾಂಕಿನ ಮೇಲೆ ಬೆಳಕು ಹೇಗೆ ಬಿದ್ದಿದೆ ಎಂದು ನೋಡುವ ಚಟ ಬಿಟ್ಟಿಲ್ಲ. ಆದ್ದರಿಂದ ಬಣ್ಣದ ಬಗ್ಗೆ ಮಾತ್ರ ಬರೆಯುತ್ತೇನೆ. ಲೀಟರಿನ ಲೆಕ್ಕವನ್ನು ಗಣಿತದ ಮೇಡಂ ನೋಡಿಕೊಳ್ಳಲಿ, ಅವರು ಇದನ್ನು ಓದದೆ ಬಿಡುವುದಿಲ್ಲ.

ಏನನ್ನಾದರೂ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮುಚ್ಚಳದ ಸುತ್ತಲಿನ ಆ ಪಟ್ಟಿಯನ್ನು ತೊಳೆದು ಒಣಗಿಸಿ, ಬೆರಳ ತುದಿಯನ್ನು ನಿಧಾನವಾಗಿ ಆಡಿಸಿ. ಮೇಲ್ಮೈ ನುಣುಪಾಗಿಯೇ ಇದ್ದು ಹೊಳಪು ಮಾತ್ರ ಹೋಗಿದ್ದರೆ ನೀವು ಪುಣ್ಯವಂತರು. ಸಣ್ಣ ಗುಳ್ಳೆಗಳು ಬೆರಳಿಗೆ ತಾಕಿದರೆ ಬಣ್ಣದ ಅಡಿಯಲ್ಲಿ ತುಕ್ಕು ಹಿಡಿದಿದೆ. ಅದರ ಮೇಲೆ ಮೇಣ ಹಚ್ಚಿದರೂ ಅಷ್ಟೇ, ಸೆರಾಮಿಕ್ ಹಚ್ಚಿದರೂ ಅಷ್ಟೇ, ಒಳಗಿನ ತುಕ್ಕು ತನ್ನ ಪಾಡಿಗೆ ಹರಡುತ್ತದೆ. ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಎಂಬ ಅಡಿ ಪದರ ಹಾಕಿ, ಮತ್ತೆ ಬಣ್ಣ ಹೊಡೆಯುವುದೊಂದೇ ದಾರಿ.

ತುಕ್ಕಿಗೆ ಎಲ್ಲರೂ ಪೆಟ್ರೋಲನ್ನು ದೂರುತ್ತಾರೆ. ನನ್ನ ಕೈಗೆ ಬಂದ ಟ್ಯಾಂಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ನೀರು. ಬಹಳಷ್ಟು ಬೈಕುಗಳಲ್ಲಿ ಮುಚ್ಚಳ ಕೂರುವ ತಗ್ಗಿನಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿ ಬಿದ್ದ ಮಳೆ ನೀರು, ಚೆಲ್ಲಿದ ಪೆಟ್ರೋಲ್ ಎರಡೂ ಅದರ ಮೂಲಕ ಇಳಿದು ಟ್ಯಾಂಕಿನ ಕೆಳಗಿನ ರಬ್ಬರ್ ಕೊಳವೆಯಿಂದ ನೆಲಕ್ಕೆ ಹೋಗಬೇಕು. ದೂಳು ಕಟ್ಟಿ ಆ ರಂಧ್ರ ಮುಚ್ಚಿಕೊಂಡರೆ ನೀರು ಅಲ್ಲೇ ನಿಂತು ಬಣ್ಣದ ಅಂಚಿನಿಂದ ಒಳಗೆ ನುಗ್ಗುತ್ತದೆ. ಮೀನು ಹಿಡಿಯುವ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿದರೆ ರಂಧ್ರ ಬಿಡಿಸಿಕೊಳ್ಳುತ್ತದೆ. ಕಬ್ಬಿಣದ ತಂತಿ ಬೇಡ, ಅದು ಹೊಸ ಗೀರು ಮಾಡುತ್ತದೆ. ಇದಕ್ಕೆ ದುಡ್ಡು ಬೇಡ, ಅಂಗಡಿ ಬೇಡ. ಬಹುಶಃ ಅದಕ್ಕೇ ಯಾರೂ ಹೇಳುವುದಿಲ್ಲ.

ಈಗ ಹೊಳಪು ಮಾತ್ರ ಹೋಗಿದೆ ಎಂದು ಇಟ್ಟುಕೊಳ್ಳೋಣ. ಕಂಪನಿಯ ಬಣ್ಣವೆಂದರೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಹೊಳಪು ಇರುವುದೂ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದೂ ಈ ಕೊನೆಯ ಪದರವೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿಗೆ 1,000 ಮೈಕ್ರಾನ್ ಎಂದು ನೆನಪಿಟ್ಟುಕೊಂಡರೆ ನೀವು ಎಷ್ಟು ತೆಳುವಾದ ಪದರದ ಮೇಲೆ ಉಜ್ಜುತ್ತಿದ್ದೀರಿ ಎಂಬುದು ತಿಳಿಯುತ್ತದೆ. ರಬ್ಬಿಂಗ್ ಕಾಂಪೌಂಡ್ ಎಂಬ ಸವೆಸುವ ಲೇಪ ಹಾಕಿ ಪಾಲಿಶ್ ಮಾಡಿದಾಗಲೆಲ್ಲ ಅದರಲ್ಲಿ ಒಂದಷ್ಟು ಸವೆಯುತ್ತದೆ. ಪ್ರತಿ ಸರ್ವೀಸಿಗೂ ಯಂತ್ರದ ಪಾಲಿಶ್ ಮಾಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಳಪಿಗೆಂದು ಹೊಳಪಿನ ಪದರವನ್ನೇ ತೆಗೆಸಿಕೊಳ್ಳುತ್ತಾರೆ.

ಕುಲುಮೆಯಲ್ಲಿ ಬೇಯಿಸಿದ ಕಂಪನಿಯ ಕ್ಲಿಯರ್ ಕೋಟ್ ಒಂದು ಹನಿ ಪೆಟ್ರೋಲಿಗೆ ಜಗ್ಗುವುದಿಲ್ಲ. ತಕ್ಷಣ ಒರೆಸಿದರೆ ಗುರುತೂ ಉಳಿಯುವುದಿಲ್ಲ. ಆದರೆ ನೀವು ಪ್ರತಿ ಸಲವೂ ಅಂಚಿನವರೆಗೆ ತುಂಬಿಸುತ್ತೀರಿ. ಪ್ರತಿ ಸಲವೂ ನಾಲ್ಕು ಹನಿ ಅದೇ ಜಾಗದಲ್ಲಿ ಚೆಲ್ಲುತ್ತದೆ. ಅಲ್ಲಿದ್ದ ಮೇಣವನ್ನು ಪೆಟ್ರೋಲ್ ಮೊದಲ ಸಲವೇ ಕರಗಿಸಿಬಿಡುತ್ತದೆ. ಆಮೇಲೆ ಬಿಸಿ ಟ್ಯಾಂಕಿನ ಮೇಲೆ ಆವಿಯಾಗುತ್ತ ತನ್ನ ಜಿಡ್ಡಿನ ಅಂಶಗಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ನಿಮ್ಮ ಹೆಬ್ಬೆರಳಿನಗಲದ ಪಟ್ಟಿ ಎಂದರೆ ಬಹುಪಾಲು ಆ ಜಿಡ್ಡು, ಅದರ ಮೇಲೆ ಕೂತ ದೂಳು, ಆ ದೂಳನ್ನು ಒಣ ಬಟ್ಟೆಯಿಂದ ಒರೆಸಿದ ಗೀರು. ಬೈಕಿನ ಶ್ಯಾಂಪೂ ಹಾಕಿ ತೊಳೆದು, ಅತಿ ನಯವಾದ ಪಾಲಿಶನ್ನು ಬೆರಳಿಗೆ ಸುತ್ತಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಹಚ್ಚಿ, ಕೈಯಿಂದಲೇ ಒಮ್ಮೆ ಉಜ್ಜಿ ನೋಡಿ. ಅರ್ಧಕ್ಕಿಂತ ಹೆಚ್ಚು ಹೊಳಪು ಮರಳಬೇಕು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಡಬ್ಬಿ ಸ್ಪ್ರೇಯಿಂದ ಟ್ಯಾಂಕಿಗೆ ಬಣ್ಣ ಹೊಡೆದುಕೊಂಡಿದ್ದರೆ ಅವರ ಕಥೆ ಬೇರೆ. ಹಾರ್ಡನರ್, ಅಂದರೆ ಪದರವನ್ನು ಗಟ್ಟಿ ಮಾಡುವ ದ್ರವ, ಇಲ್ಲದ ಸಾಧಾರಣ ಡಬ್ಬಿ ಕ್ಲಿಯರ್ ಪೆಟ್ರೋಲ್ ತಾಗಿದರೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಟ್ಯಾಂಕಿಗೆ ಹಾರ್ಡನರ್ ಬೆರೆಸಿದ ಎರಡು ಭಾಗದ ಕ್ಲಿಯರ್ ಬೇಕೇ ಬೇಕು. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಕೆಲಸವಲ್ಲ.

ಟ್ಯಾಂಕ್ ಬ್ಯಾಗಿನ ಗೀರುಗಳು ಬ್ಯಾಗಿನವಲ್ಲ. ಬ್ಯಾಗ್ ಮತ್ತು ಬಣ್ಣದ ನಡುವೆ ಸಿಕ್ಕಿಕೊಂಡ ದೂಳಿನವು. ಎಂಜಿನ್ ನಡುಗಿದಂತೆಲ್ಲ ಬ್ಯಾಗ್ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ, ನಡುವಿನ ದೂಳು ಮರಳು ಕಾಗದದ ಕೆಲಸ ಮಾಡುತ್ತದೆ. ಆಯಸ್ಕಾಂತದ ಬ್ಯಾಗಾದರೆ ಇನ್ನೂ ಮೇಲು: ದಾರಿಯ ಕಬ್ಬಿಣದ ಪುಡಿಯನ್ನೂ ಹುಡುಕಿ ತಂದು ಅಂಟಿಸಿಕೊಳ್ಳುತ್ತದೆ. ಬ್ಯಾಗ್ ಇಡುವ ಮುನ್ನ ಟ್ಯಾಂಕನ್ನೂ ಬ್ಯಾಗಿನ ತಳವನ್ನೂ ಒದ್ದೆ ಬಟ್ಟೆಯಿಂದ ಒರೆಸುವುದು ಒಂದು ಉಪಾಯ. ಮುಚ್ಚಳದ ಬೋಲ್ಟುಗಳಿಗೆ ಬಿಗಿಯುವ ಬಳೆಯೊಂದು ಸಿಗುತ್ತದೆ. ಬ್ಯಾಗ್ ಅದಕ್ಕೆ ಸಿಕ್ಕಿಕೊಂಡು ಬಣ್ಣಕ್ಕೆ ತಾಗದೆ ಮೇಲೆಯೇ ನಿಲ್ಲುತ್ತದೆ. ನನ್ನ ಮತ ಆ ಬಳೆಗೆ.

ದಾರಿಹೋಕರ ಸೆರಾಮಿಕ್ ವಿಷಯ. ಅದು ಮೋಸವಲ್ಲ, ಆದರೆ ಅದರ ಕೆಲಸವೇ ಬೇರೆ. ಸಿಲಿಕಾ ಆಧಾರದ ಆ ಪದರ ಒಣಗಿದ ಮೇಲೆ ಒಂದೆರಡು ಮೈಕ್ರಾನ್ ದಪ್ಪ ಇರುತ್ತದೆ. ನೀರು ಜಾರುತ್ತದೆ, ಕೊಳೆ ಅಂಟುವುದಿಲ್ಲ, ತೊಳೆಯುವಾಗ ಕಡಿಮೆ ಉಜ್ಜಬೇಕಾಗುತ್ತದೆ. ಆ ಮಟ್ಟಿಗೆ ಅದರಿಂದ ಗೀರೂ ಕಡಿಮೆ. ಕಲ್ಲು ಸಿಡಿದರೆ, ಬೆಲ್ಟಿನ ಬಕಲ್ ಉಜ್ಜಿದರೆ, ಬ್ಯಾಗ್ ನಡುಗಿದರೆ ಒಂದೆರಡು ಮೈಕ್ರಾನ್ ಏನನ್ನು ತಡೆದೀತು? ಅಲ್ಲಿಗೆ ಫಿಲ್ಮ್ ಬೇಕು. ಯುರೆಥೇನಿನ ಒಳ್ಳೆಯ ಫಿಲ್ಮ್ 150ರಿಂದ 200 ಮೈಕ್ರಾನ್ ದಪ್ಪ ಇರುತ್ತದೆ, ಅಂದರೆ ನಿಮ್ಮ ಕ್ಲಿಯರ್ ಕೋಟಿನ ಮೂರು ನಾಲ್ಕು ಪಟ್ಟು. ಮೇಲಿನ ಸಣ್ಣ ಗೀರುಗಳು ಬಿಸಿಲಿನ ಶಾಖಕ್ಕೆ ತಾವೇ ಮಾಯವಾಗುವ ಬಗೆಯದೂ ಇದೆ. ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಮೇಣ ಹಚ್ಚಿದ ವಾರ ಕಣ್ಣಿಗೆ ಹಬ್ಬ, ಕೆಲವು ವಾರಗಳಲ್ಲಿ ಅದರ ಆಟ ಮುಗಿಯುತ್ತದೆ. ಭಾನುವಾರ ಬೆಳಗ್ಗೆ ಬೈಕಿನ ಜೊತೆ ಕೂರುವುದು ಇಷ್ಟವಿದ್ದರೆ ಮೇಣ ಹಚ್ಚಿ, ನಾನೂ ಅದನ್ನೇ ಮಾಡುವುದು.

ಫಿಲ್ಮನ್ನು ಇಡೀ ಬೈಕಿಗೆ ಸುತ್ತಬೇಕಾಗಿಲ್ಲ. ಬ್ಯಾಗ್ ಕೂರುವ ಜಾಗ, ಮೊಣಕಾಲು ಒತ್ತುವ ಎರಡು ಬದಿ, ಟ್ಯಾಂಕಿನ ಹಿಂಭಾಗದಲ್ಲಿ ಬೆಲ್ಟ್ ಮತ್ತು ಜಿಪ್ ತಾಗುವ ಜಾಗ, ಇಷ್ಟು ಸಾಕು. ಯಾರೂ ನೋಡದ ಇನ್ನೊಂದು ಜಾಗವಿದೆ: ಹ್ಯಾಂಡಲಿನ ಕೆಳಗೆ, ಕೇಬಲ್‌ಗಳು ಮತ್ತು ವೈರಿಂಗ್ ಫ್ರೇಮಿಗೆ ಉಜ್ಜುವ ಕಡೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಉಜ್ಜಿ ಉಜ್ಜಿ ಲೋಹವೇ ಹೊರಗೆ ಬರುತ್ತದೆ. ಅಲ್ಲಿಗೊಂದು ತುಂಡು ಅಂಟಿಸಿ.

ಮಿಕ್ಕದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಒರೆಸುತ್ತ ಕೂರಬೇಡಿ, ಧಾರಾಳವಾಗಿ ನೀರು ಸುರಿಯಿರಿ. ಡಾಟ್ 3, 4 ಮತ್ತು 5.1 ಎಂಬ ದರ್ಜೆಯ ಬ್ರೇಕ್ ಆಯಿಲ್‌ಗಳು ಬಣ್ಣವನ್ನು ಕಿತ್ತು ತೆಗೆಯುತ್ತವೆ, ನೀರಿನಲ್ಲಿ ಬೆರೆತು ಹೋಗುವುದೊಂದೇ ಅವುಗಳ ಒಳ್ಳೆಯ ಗುಣ. ಹಕ್ಕಿಯ ಹಿಕ್ಕೆಯನ್ನು ಕೆರೆಯದೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಕೆಲವು ನಿಮಿಷ ಬಿಟ್ಟು ಎತ್ತಿ ತೆಗೆಯಿರಿ. ಬಿಸಿಲಿನಲ್ಲಿ ಒಂದು ದಿನ ಬಿಟ್ಟರೆ ಅದು ಕ್ಲಿಯರ್ ಕೋಟಿನಲ್ಲಿ ಕುಳಿ ಕೊರೆಯುತ್ತದೆ. ದೂಳು ಹಿಡಿದ ಬೈಕಿಗೆ ಕವರ್ ಹಾಕುವುದಕ್ಕಿಂತ ಹಾಗೆಯೇ ಬಿಡುವುದು ಮೇಲು, ಗಾಳಿಗೆ ಕವರ್ ಬಡಿದುಕೊಂಡು ರಾತ್ರಿಯಿಡೀ ಉಜ್ಜುತ್ತಿರುತ್ತದೆ.

ಗಣಿತದಮೇಡಂ

ಸ್ಪ್ರೇಗನ್ ಅವರು ನನ್ನನ್ನು ಎಳೆದು ತಂದಿದ್ದಾರೆ. ಕೆಂಪುಟ್ಯಾಂಕ್ ಅವರೇ, ನಿಮ್ಮ ಪುಸ್ತಕವನ್ನು ಯಾರು ನಕ್ಕರೂ ಬಿಡಬೇಡಿ. ಆದರೆ ಅದನ್ನು ಓದುವ ಕ್ರಮ ಬದಲಾಗಬೇಕು.

48 ಮತ್ತು 42ರ ನಡುವೆ ಜಿಗಿಯುತ್ತಿರುವುದು ನಿಮ್ಮ ಎಂಜಿನ್ ಅಲ್ಲ, ನಿಮ್ಮ ಅಳತೆ. ಬೈಕ್ ನಿಜವಾಗಿ ಲೀಟರಿಗೆ 45 ಕಿ.ಮೀ. ಕೊಡುತ್ತಿದೆ ಎಂದುಕೊಳ್ಳಿ. 180 ಕಿ.ಮೀ. ಓಡಿಸಿದ್ದೀರಿ, ಸರಿಯಾಗಿ 4 ಲೀಟರ್ ಖರ್ಚಾಗಿದೆ. ಆ ದಿನ ಟ್ಯಾಂಕಿನೊಳಗೆ ಗಾಳಿ ಸಿಕ್ಕಿಕೊಂಡೋ ನೊರೆ ಎದ್ದೋ 3.75 ಲೀಟರಿಗೇ ತುಂಬಿದಂತೆ ಕಂಡಿತು. ಲೆಕ್ಕ 48 ಬಂತು, ನೀವು ಹಿಗ್ಗಿದಿರಿ. ಮುಂದಿನ 180 ಕಿ.ಮೀ. ಆದಾಗ ಹೊಸ 4 ಲೀಟರಿನ ಜೊತೆಗೆ ಹಿಂದಿನ ಕಾಲು ಲೀಟರಿನ ಬಾಕಿಯೂ ಸೇರಿ 4.25 ಲೀಟರ್ ಹಿಡಿಯಿತು. ಲೆಕ್ಕ 42.4ಕ್ಕೆ ಇಳಿಯಿತು, ನೀವು ಮೆಕ್ಯಾನಿಕ್ ಹುಡುಕಲು ಹೊರಟಿರಿ. ಎರಡನ್ನೂ ಕೂಡಿಸಿ: 360 ಕಿ.ಮೀ., 8 ಲೀಟರ್. ಉತ್ತರ 45. ಒಮ್ಮೆ ಕಡಿಮೆ ಬಿದ್ದದ್ದು ಮುಂದಿನ ಸಲ ವಸೂಲಾಗಿಯೇ ತೀರುತ್ತದೆ.

ಇದರಲ್ಲೇ ಉಪಾಯವೂ ಇದೆ. ಎಷ್ಟು ಸಲ ತುಂಬಿಸಿದರೂ ನಡುವಿನ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಮೊದಲ ಮತ್ತು ಕೊನೆಯ ಸಲದ ತಪ್ಪು ಮಾತ್ರ. ಕಾಲು ಲೀಟರಿನ ತಪ್ಪು 4 ಲೀಟರಿನಲ್ಲಿ ಶೇಕಡಾ 6ಕ್ಕೂ ಹೆಚ್ಚು. ಅದೇ ಕಾಲು ಲೀಟರ್ 40 ಲೀಟರಿನ ಒಟ್ಟು ಲೆಕ್ಕದಲ್ಲಿ ಶೇಕಡಾ 0.6. ಅಂಚಿನವರೆಗೆ ತುಂಬಿಸಿ, ಚೆಲ್ಲಿ, ಬಣ್ಣ ಕೆಡಿಸಿಕೊಂಡು ನೀವು ಗಳಿಸಲು ಹೊರಟ ನಿಖರತೆ ಹತ್ತು ಸಲದ ಲೀಟರುಗಳನ್ನು ಕೂಡಿಸಿದರೆ ಬಿಟ್ಟಿಯಾಗಿ ಸಿಗುತ್ತದೆ.

ಅಂಚಿಗೆ ತುಂಬಿಸುವುದರಿಂದ ಅಳತೆಗೂ ಲಾಭವಿಲ್ಲ ಎಂಬುದನ್ನು ಗಮನಿಸಿ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 0.1ರಷ್ಟು ಹಿಗ್ಗುತ್ತದೆ. ನೆಲದಡಿಯ ತೊಟ್ಟಿಯಿಂದ ತಂಪಾಗಿ ಬಂದ 12 ಲೀಟರ್ ಬಿಸಿಲಿನಲ್ಲಿ 20 ಡಿಗ್ರಿ ಕಾದರೆ ಹತ್ತಿರ ಹತ್ತಿರ ಕಾಲು ಲೀಟರ್ ಹೆಚ್ಚಾಗುತ್ತದೆ. ಅಂಚಿನವರೆಗೆ ತುಂಬಿದ್ದರೆ ಅದು ಎಲ್ಲಿಗೆ ಹೋಗಬೇಕು? ಮುಚ್ಚಳದ ಸಂದಿಯಿಂದ ಬಣ್ಣದ ಮೇಲಕ್ಕೆ, ಇಲ್ಲವೇ ಆವಿ ಹೀರುವ ಇದ್ದಿಲಿನ ಡಬ್ಬಿ ಇರುವ ಬೈಕುಗಳಲ್ಲಿ ಅದರೊಳಕ್ಕೆ. ಆ ಡಬ್ಬಿ ಇರುವುದು ಆವಿಗೆ, ದ್ರವಕ್ಕಲ್ಲ.

ನಳಿಕೆಯ ತುದಿಯ ಬಳಿ ಒಂದು ಸಣ್ಣ ತೂತಿದೆ. ಪೆಟ್ರೋಲ್ ಅಥವಾ ನೊರೆ ಅದನ್ನು ಮುಚ್ಚಿದ ಕೂಡಲೇ ನಳಿಕೆ ನಿಲ್ಲುತ್ತದೆ. ರಭಸವಾಗಿ ಸುರಿದರೆ ನೊರೆಗೇ ನಿಂತುಬಿಡುತ್ತದೆ, ಎಷ್ಟು ಆಳಕ್ಕೆ ಇಳಿಸಿದ್ದಾರೆ ಎಂಬುದರ ಮೇಲೂ ವ್ಯತ್ಯಾಸವಾಗುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಅದೇ ಬಂಕ್, ಅದೇ ಪಂಪ್, ನಿಧಾನದ ಧಾರೆ, ಮೊದಲ ಸಲ ನಿಂತಾಗ ಸಾಕು. ಬೈಕ್ ಪ್ರತಿ ಸಲವೂ ಒಂದೇ ರೀತಿ ನಿಂತಿರಲಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ ಟ್ಯಾಂಕ್ ಹಿಡಿಯುವ ಪೆಟ್ರೋಲೇ ಬೇರೆ, ನೇರ ನಿಂತ ಟ್ಯಾಂಕ್ ಹಿಡಿಯುವುದೇ ಬೇರೆ. ಡಬಲ್ ಸ್ಟ್ಯಾಂಡ್ ಇದ್ದರೆ ಅದನ್ನೇ ಹಾಕಿ.

ಸರಾಸರಿಯಲ್ಲಿ ನನ್ನ ವಿದ್ಯಾರ್ಥಿಗಳೆಲ್ಲ ಎಡವುವ ಒಂದು ಗುಂಡಿ ಇದೆ. ಮೊದಲ 100 ಕಿ.ಮೀ. ಲೀಟರಿಗೆ 40ರಂತೆ, ಮುಂದಿನ 100 ಕಿ.ಮೀ. 60ರಂತೆ ಓಡಿದರೆ ಸರಾಸರಿ ಎಷ್ಟು? ಇಡೀ ತರಗತಿ 50 ಎಂದು ಕೂಗುತ್ತದೆ. ಮೊದಲಿನದಕ್ಕೆ 2.5 ಲೀಟರ್, ಎರಡನೆಯದಕ್ಕೆ 1.67 ಲೀಟರ್, ಒಟ್ಟು 4.17. ಇನ್ನೂರನ್ನು ಅದರಿಂದ ಭಾಗಿಸಿದರೆ 48. ಪುಸ್ತಕದಲ್ಲಿ ಬರೆದ ಮೈಲೇಜುಗಳ ಸರಾಸರಿ ತೆಗೆಯಬೇಡಿ. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ.

ಇಷ್ಟು ಮಾಡಿದರೆ ಲೀಟರಿನ ಕಡೆ ಸರಿಯಾಯಿತು. ಕಿಲೋಮೀಟರ್ ಸರಿ ಇದೆಯೇ? ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಎಂಬುದು ವಿಶ್ವಸಂಸ್ಥೆಯ 39ನೇ ವಾಹನ ನಿಯಮ. ಅದಕ್ಕಾಗಿಯೇ ತಯಾರಕರು ಅದನ್ನು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಡುತ್ತಾರೆ. ಓಡೋಮೀಟರ್ ಸಾಮಾನ್ಯವಾಗಿ ಅದಕ್ಕಿಂತ ಪ್ರಾಮಾಣಿಕ, ಆದರೂ ಒಮ್ಮೆ ಪರೀಕ್ಷಿಸಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಹಿಡಿದು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಹೋಲಿಸಿದರೆ ಸಾಕು. ಮೊಬೈಲಿನ ಜಿಪಿಎಸ್ ನೇರ ರಸ್ತೆಯಲ್ಲಿ ಚೆನ್ನ. ತಿರುವುಗಳನ್ನು ಅದು ಕತ್ತರಿಸಿ ಅಳೆಯುತ್ತದೆ, ಸಿಗ್ನಲಿನಲ್ಲಿ ನಿಂತಾಗ ನಿಂತಲ್ಲೇ ಒಂದಷ್ಟು ಓಡಿದಂತೆ ಬರೆದುಕೊಳ್ಳುತ್ತದೆ.

ಟೈರನ್ನೂ ಮರೆಯಬೇಡಿ. ವೇಗ ಅಳೆಯುವ ಚಕ್ರದ ಟೈರ್ 5 ಮಿ.ಮೀ. ಸವೆದರೆ, ಸುಮಾರು 300 ಮಿ.ಮೀ. ತ್ರಿಜ್ಯದಲ್ಲಿ ಅದು ಶೇಕಡಾ 1.7. ಚಕ್ರ ಚಿಕ್ಕದಾದಷ್ಟೂ ಹೆಚ್ಚು ಸುತ್ತುತ್ತದೆ, ಓಡೋಮೀಟರ್ ಹೆಚ್ಚು ಕಿಲೋಮೀಟರ್ ಬರೆಯುತ್ತದೆ, ಮೈಲೇಜ್ ಹೆಚ್ಚಿದಂತೆ ಕಾಣುತ್ತದೆ. ಹೊಸ ಟೈರ್ ಹಾಕಿಸಿದ ದಿನ ಅದೆಲ್ಲ ಒಮ್ಮೆಲೇ ಇಳಿಯುತ್ತದೆ. ಟೈರನ್ನು ಬೈಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಪರದೆಯ 50ರ ಬಗ್ಗೆ ದಾರಿಹೋಕರಿಗೆ ಒಂದು ಮಾತು. ಅದು ಪೆಟ್ರೋಲನ್ನು ಅಳೆಯುತ್ತಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಲೀಟರನ್ನು ಅಂದಾಜು ಮಾಡುತ್ತಿದೆ. ಹೋಲಿಕೆಗೆ ಒಳ್ಳೆಯದು: ಇಂದು ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ದೀರ್ಘ ಲೆಕ್ಕದಲ್ಲಿ ಪುಸ್ತಕ 45 ಅಂದು ಪರದೆ 50 ಅಂದರೆ, ಪರದೆ ತೋರಿಸಿದ್ದನ್ನು 0.9ರಿಂದ ಗುಣಿಸಿಕೊಳ್ಳಿ, ಜಗಳ ಮುಗಿಯಿತು.

ಹಳೆಯ ಲೆಕ್ಕದ ಜೊತೆ ಹೋಲಿಸುವಾಗ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂಬುದನ್ನೂ ಬರೆದಿಡಿ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ಶೇಕಡಾ 10 ಬೆರೆತರೆ ಲೀಟರಿನ ಶಕ್ತಿ ಶೇಕಡಾ 3ರಷ್ಟು, 20 ಬೆರೆತರೆ 6ರಿಂದ 7ರಷ್ಟು ಇಳಿಯುತ್ತದೆ. ಎಂಜಿನ್ ಕೆಟ್ಟಿತು ಎಂದುಕೊಳ್ಳುವ ಮೊದಲು ಇದನ್ನು ಕಳೆಯಿರಿ.

ಕೆಂಪುಟ್ಯಾಂಕ್

ಇಬ್ಬರಿಗೂ ಧನ್ಯವಾದಗಳು. ಬೆರಳಾಡಿಸಿ ನೋಡಿದೆ, ಗುಳ್ಳೆ ಸಿಗಲಿಲ್ಲ. ರಂಧ್ರ ಮಾತ್ರ ಮುಚ್ಚಿಹೋಗಿತ್ತು, ಸ್ಪ್ರೇಗನ್ ಅವರು ಹೇಳಿದ ನೈಲಾನ್ ದಾರಕ್ಕೆ ಕಪ್ಪು ಮಣ್ಣು ಅಂಟಿಕೊಂಡು ಬಂತು.

ಮೇಡಂ, ಒಂದು ಸಂದೇಹ. ಇಷ್ಟು ದಿನ ಅಂಚಿನವರೆಗೆ ತುಂಬಿಸಿ ಬರೆದ ಪುಸ್ತಕವನ್ನು ಈಗ ಬದಿಗಿಡಬೇಕೇ? ನಾಳೆಯಿಂದ ಮೊದಲ ನಿಲುಗಡೆಗೇ ಸಾಕು ಎಂದರೆ ಲೆಕ್ಕ ನಡುವೆ ತುಂಡಾಗುವುದಿಲ್ಲವೇ? ಸ್ಪ್ರೇಗನ್ ಅವರೇ, ಫಿಲ್ಮನ್ನು ಮುಚ್ಚಳದ ಅಂಚಿಗೆ ಸೇರಿಸಿಯೇ ಅಂಟಿಸಲೇ? ಇನ್ನೊಂದು ವಿಷಯ, ನನ್ನ ತಂಗಿಯ ಬೈಕಿನ ಟ್ಯಾಂಕ್ ಮ್ಯಾಟ್ ಕಪ್ಪು. ಅವಳಿಗೂ ಇದೇ ಪಾಲಿಶ್ ಕೊಡಬಹುದೇ?

ದಾರಿಹೋಕ

ಮೇಡಂ ಲೆಕ್ಕ ಒಪ್ಪಿದೆ. ಆದರೆ ನಿಖರತೆಯೇ ಬೇಕಾದರೆ ಟ್ಯಾಂಕಿನ ಪೈಪ್ ಬಿಚ್ಚಿ, ಅಳತೆ ಗುರುತಿರುವ ಬಾಟಲಿಯಿಂದ 200 ಮಿಲಿ ಪೆಟ್ರೋಲ್ ಕೊಟ್ಟು ಎಷ್ಟು ದೂರ ಓಡುತ್ತದೆ ಎಂದು ನೋಡಿದರಾಯಿತಲ್ಲ. ಹಿಂದೆ ಕಾರ್ಬ್ಯುರೇಟರ್ ಬೈಕುಗಳಿಗೆ ಮೆಕ್ಯಾನಿಕ್‌ಗಳು ಹೀಗೆಯೇ ಮಾಡುತ್ತಿದ್ದರು.

ಗಣಿತದಮೇಡಂ

ಪುಸ್ತಕ ಬದಿಗಿಡುವ ಮಾತೇ ಇಲ್ಲ. ಮೊದಲ ನಮೂದಿನ ಓಡೋಮೀಟರ್ ಮತ್ತು ಕೊನೆಯ ನಮೂದಿನ ಓಡೋಮೀಟರ್ ಕಳೆಯಿರಿ. ಲೀಟರ್ ಕೂಡಿಸುವಾಗ ಮೊದಲ ನಮೂದಿನ ಲೀಟರನ್ನು ಬಿಟ್ಟುಬಿಡಿ, ಅದು ಅದಕ್ಕೂ ಹಿಂದಿನ ಓಟದ ಪೆಟ್ರೋಲ್. ನಿಮ್ಮಷ್ಟು ದಿನ ಬರೆದವರಿಗೆ ಆ ಒಂದು ಸಂಖ್ಯೆ ಬೈಕಿನ ನಿಜವಾದ ಮೈಲೇಜಿಗೆ ತೀರ ಹತ್ತಿರ ಇರುತ್ತದೆ. ಕ್ರಮ ಬದಲಿಸುವ ದಿನ ಲೀಟರ್ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಆ ಸಾಲಿನ ಪಕ್ಕ ಒಂದು ಗುರುತು ಹಾಕಿ. ಅದನ್ನೇ ಹೊಸ ಲೆಕ್ಕದ ಆರಂಭ ಮಾಡಿಕೊಂಡರೆ ಎರಡೂ ಲೆಕ್ಕಗಳು ಶುದ್ಧ.

ಎಂಜಿನ್ನಿನ ಆರೋಗ್ಯ ತಿಳಿಯುವುದು ನಿಮ್ಮ ಉದ್ದೇಶ ಎಂದಿದ್ದೀರಿ. ಹಾಗಾದರೆ ಪ್ರತಿ ಸಲದ ಮೈಲೇಜ್ ನೋಡದೆ, ಕೊನೆಯ ಐದು ಸಲದ ಒಟ್ಟು ಕಿಲೋಮೀಟರ್ ಮತ್ತು ಒಟ್ಟು ಲೀಟರ್ ತೆಗೆದುಕೊಳ್ಳಿ. ಹೊಸ ನಮೂದು ಬಂದಾಗ ಹಳೆಯದೊಂದನ್ನು ಬಿಡುತ್ತಾ ಹೋಗಿ. ಈ ಸಂಖ್ಯೆ ಒಂದೇ ಸಮನೆ ಇಳಿಯುತ್ತಾ ಹೋದರೆ ಮೊದಲು ಟೈರಿನ ಗಾಳಿ, ಆಮೇಲೆ ಚೈನ್, ಬ್ರೇಕ್ ಹಿಡಿದುಕೊಂಡಿದೆಯೇ, ಏರ್ ಫಿಲ್ಟರ್, ಈ ಕ್ರಮದಲ್ಲಿ ನೋಡಿ. ಓಟ ಬದಲಾಗಿದೆಯೇ ಎಂಬುದನ್ನೂ ನೋಡಿ: ಎಂಜಿನ್ ಬಿಸಿಯಾಗುವುದಕ್ಕೆ ಮೊದಲೇ ಮುಗಿಯುವ ಸಣ್ಣ ಓಡಾಟಗಳು ಹೆಚ್ಚಾದರೆ ಮೈಲೇಜ್ ಬೀಳುತ್ತದೆ. ವೇಗ 60ರಿಂದ 80ಕ್ಕೆ ಏರಿದರೆ ಗಾಳಿಯ ಎಳೆತ 1.78 ಪಟ್ಟಾಗುತ್ತದೆ.

ಹಳೆಸ್ಪ್ರೇಗನ್

ದಾರಿಹೋಕರೇ, ಬಾಟಲಿಯ ಮಾತು ಬೇಡ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತನ್ನ ಭಾರಕ್ಕೇ ಇಳಿಯುತ್ತಿತ್ತು, ಬಾಟಲಿ ತಗುಲಿಹಾಕಿದರೂ ಓಡುತ್ತಿತ್ತು. ಇವರದು ಇಂಜೆಕ್ಷನ್. ಪಂಪ್ ಟ್ಯಾಂಕಿನೊಳಗೆ ಇರುತ್ತದೆ, ಪೈಪಿನಲ್ಲಿ ಒತ್ತಡ ಇರುತ್ತದೆ, ಬಿಚ್ಚಿದರೆ ಬಿಸಿ ಎಂಜಿನ್ನಿನ ಮೇಲೆ ಚಿಮ್ಮುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಅಳೆಯುವ ಯೋಚನೆಯೂ ಬೇಡ, ಆ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ.

ಫಿಲ್ಮನ್ನು ಮುಚ್ಚಳದ ಅಂಚಿಗೆ ತಾಗಿಸಬೇಡಿ. ನಾಲ್ಕೈದು ಮಿಲಿಮೀಟರ್ ದೂರ ಬಿಟ್ಟು ದುಂಡಗೆ ಕತ್ತರಿಸಿ. ಚೆಲ್ಲಿದ ಪೆಟ್ರೋಲ್ ಅಂಚಿನಡಿಗೆ ಹೋದರೆ ಅಂಟು ಕರಗಿ ಫಿಲ್ಮ್ ಏಳುತ್ತದೆ, ಆ ಸಂದಿಯಲ್ಲಿ ಕೊಳೆ ಸೇರಿ ಕಪ್ಪು ಗೆರೆ ಮೂಡುತ್ತದೆ. ಮೂಲೆಗಳೂ ಚೌಕ ಬೇಡ, ದುಂಡಗಿನ ಮೂಲೆ ಬೇಗ ಏಳುವುದಿಲ್ಲ. ಕತ್ತರಿಸುವ ಕೆಲಸ ಕಾಗದದ ಮೇಲೆ ಆಗಲಿ, ಟ್ಯಾಂಕಿನ ಮೇಲಿಟ್ಟು ಬ್ಲೇಡ್ ಆಡಿಸಿದರೆ ಗೀರು ಬೀಳುವುದು ಕ್ಲಿಯರ್ ಕೋಟಿಗೆ. ಅಂಟಿಸುವ ಮೊದಲು ಆ ಸಣ್ಣ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಿರಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಬೆರೆಸಿ ಒರೆಸಿ, ಮೇಣ ಉಳಿದಿದ್ದರೆ ಫಿಲ್ಮ್ ಹಿಡಿಯುವುದಿಲ್ಲ. ಉಗುರಿಗೆ ಸಿಕ್ಕುವಷ್ಟು ಆಳದ ಗೀರು ಇದ್ದರೆ ಪಾಲಿಶಿನಿಂದ ಹೋಗುತ್ತದೆ ಎಂದು ಉಜ್ಜುತ್ತ ಕೂರಬೇಡಿ, ಅದನ್ನು ಹಾಗೆಯೇ ಬಿಟ್ಟು ಮೇಲೆ ಅಂಟಿಸಿ.

ತಂಗಿಯ ಮ್ಯಾಟ್ ಟ್ಯಾಂಕಿನ ಹತ್ತಿರಕ್ಕೂ ಈ ಪಾಲಿಶ್ ತರಬೇಡಿ, ಮೇಣವನ್ನೂ ತರಬೇಡಿ. ಮ್ಯಾಟ್ ಕಾಣುವುದು ಕ್ಲಿಯರ್ ಕೋಟಿನ ಮೇಲ್ಮೈ ಒರಟಾಗಿರುವುದರಿಂದ. ಉಜ್ಜಿದ ಜಾಗ ನುಣುಪಾಗಿ ಹೊಳೆಯತೊಡಗುತ್ತದೆ, ಆ ಹೊಳೆಯುವ ಕಲೆಯನ್ನು ತೆಗೆಯಲು ಇಡೀ ಟ್ಯಾಂಕಿಗೆ ಮತ್ತೆ ಬಣ್ಣ ಹೊಡೆಯಬೇಕು. ಶ್ಯಾಂಪೂ, ಧಾರಾಳ ನೀರು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸುವುದು, ಅಷ್ಟೇ. ಫಿಲ್ಮ್ ಹಾಕಿಸುವುದಾದರೆ ಮ್ಯಾಟ್ ಫಿಲ್ಮ್ ಎಂದು ಕೇಳಿ ತೆಗೆದುಕೊಳ್ಳಲಿ. ಪೆಟ್ರೋಲ್ ಹಾಕಿಸುವಾಗ ಮುಚ್ಚಳದ ಸುತ್ತ ಒಂದು ಬಟ್ಟೆ ಹರಡಿಕೊಳ್ಳಲಿ, ಮ್ಯಾಟ್ ಮೇಲೆ ಉಳಿದ ಪೆಟ್ರೋಲ್ ಕಲೆಯನ್ನು ಉಜ್ಜಿ ತೆಗೆಯುವ ದಾರಿಯೇ ಇಲ್ಲ.